ಬೆಳಗಿನ ಬಸ್ಸಿನಲ್ಲಿ ಹೋದ ಚದುರಂಗ

ಎಪ್ಪತ್ತೆರಡನೇ ಇಸವಿಯ ಆಷಾಢದಲ್ಲಿ ನಾನು ಚಿತ್ರದುರ್ಗದಿಂದ ಹೊಸದುರ್ಗಕ್ಕೆ ಬಸ್ಸಿನಲ್ಲಿ ಚದುರಂಗ ಕಳಿಸುತ್ತಿದ್ದೆ. ಮಣೆಯಲ್ಲ, ಕಾಯಿಗಳಲ್ಲ, ಆಟವನ್ನೇ. ನಾಲ್ಕು ಮಡಿಕೆಯ ಒಂದು ಹಾಳೆ ಬೆಳಗಿನ ಎಂಟು ಗಂಟೆಯ ಬಸ್ಸಿನ ಕಂಡಕ್ಟರ ಚರ್ಮದ ಚೀಲ ಸೇರುತ್ತಿತ್ತು. ಹೊಳಲ್ಕೆರೆಯಲ್ಲಿ ಬಸ್ಸು ಟೀಗೆ ನಿಂತಾಗ ಅಲ್ಲಿಯ ಹೋಟೆಲಿನವರು ಅದನ್ನು ಬಿಡಿಸಿ ಓದಿ, ಮತ್ತೆ ಅದೇ ಮಡಿಕೆಗೆ ಮಡಿಸಿ ಕೊಡುತ್ತಿದ್ದರಂತೆ. ಎಷ್ಟೋ ಹಾಳೆಗಳ ಮೇಲೆ ಟೀ ಲೋಟದ ದುಂಡು ಗುರುತು ಇತ್ತೆಂದು ಆಮೇಲೆ ನೋಡಿದಾಗ ತಿಳಿಯಿತು. ಹತ್ತೂವರೆಗೆ ಹೊಸದುರ್ಗ. ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ನಮ್ಮ ಮಾವನವರ ಕೊಬ್ಬರಿ ಮಂಡಿ. ಅಲ್ಲಿಯ ಜಗಲಿಯ ಮೇಲೆ ಜನ ಕಾಯುತ್ತಿದ್ದರು.

ನನಗೆ ಆ ವರ್ಷದ ವೈಶಾಖದಲ್ಲಿ ಮದುವೆಯಾಗಿತ್ತು. ನಮ್ಮ ತಂದೆ ಚಿತ್ರದುರ್ಗದಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತರು. ಮಗಳು ಇಂಗ್ಲಿಷ್ ಮಾತಾಡಬೇಕೆಂದು ನನ್ನನ್ನು ಕಾನ್ವೆಂಟಿಗೆ ಹಾಕಿದ್ದರು. ಹೊಸದುರ್ಗದ ಕಡೆಯ ನೆಂಟರಿಗೆ ಇದೇ ಒಂದು ಕೊಂಕು. "ಕಾನ್ವೆಂಟ್ ಹುಡುಗಿ ತಂದಾರೆ, ರೊಟ್ಟಿ ತಟ್ಟಾಕೆ ಬತ್ತದೋ ಇಲ್ಲೋ" ಎಂದು ಮದುವೆಯ ಪಂಕ್ತಿಯಲ್ಲೇ ಯಾರೋ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಸುಳ್ಳೇನಲ್ಲ, ನನ್ನ ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು. ಆದರೆ ಈ ಸಂಬಂಧವನ್ನು ಹುಡುಕಿ ತಂದವರು ಮಾವನವರೇ. ಅವರು ಆರಿಸಿ ತಂದ ಸೊಸೆ ಎಂದೇ ಮನೆಯಲ್ಲಿ ನನ್ನ ಹೆಸರು.

ಮಾವನವರಿಗೆ ಚದುರಂಗದ ಹುಚ್ಚು. ಸಂಜೆ ಮಂಡಿಯ ಕೆಲಸ ಇಳಿಮುಖವಾದ ಕೂಡಲೇ ಜಗಲಿಯ ಮೇಲೆ ಹಲಗೆ ಬರುತ್ತಿತ್ತು. ಎದುರಿಗೆ ಕೂರುತ್ತಿದ್ದವರು ಪೆನ್ಷನ್ ಆದ ಹೆಡ್ ಮೇಷ್ಟ್ರು. ಇಬ್ಬರೂ ಮೂವತ್ತು ನಲವತ್ತು ವರ್ಷದಿಂದ ಆಡುತ್ತಿದ್ದವರು. ಒಬ್ಬರನ್ನೊಬ್ಬರು ಸೋಲಿಸುವುದಕ್ಕಿಂತ ಹಂಗಿಸುವುದೇ ಇಬ್ಬರಿಗೂ ರುಚಿ.

ಆ ವರ್ಷ ಎರಡು ದೊಡ್ಡ ದೇಶಗಳ ಇಬ್ಬರು ಆಟಗಾರರು ಎಲ್ಲೋ ದೂರದ ತಣ್ಣನೆಯ ದ್ವೀಪವೊಂದರಲ್ಲಿ ಪ್ರಪಂಚದ ಪಟ್ಟಕ್ಕಾಗಿ ಆಡುವವರಿದ್ದರು. ನಮ್ಮೂರಿಗೆ ಬರುತ್ತಿದ್ದ ಕನ್ನಡ ಪೇಪರಿನಲ್ಲಿ ಯಾರು ಗೆದ್ದರು ಎಂಬ ಎರಡು ಸಾಲು ಬರುತ್ತಿತ್ತೇ ಹೊರತು ಆಟ ಬರುತ್ತಿರಲಿಲ್ಲ. ಮಾವನವರಿಗೆ ಬೇಕಾಗಿದ್ದದ್ದು ಆಟ. ಮನೆಯ ರೇಡಿಯೋದಲ್ಲಿ ಹೊರದೇಶದ ಸ್ಟೇಷನ್ ಬೆಳಿಗ್ಗೆ ಹಿಂದಿನ ದಿನದ ನಡೆಗಳನ್ನು ಓದುತ್ತದೆ ಎಂದು ಯಾರೋ ಹೇಳಿದ್ದರು. ನಮ್ಮ ಯಜಮಾನರಿಗೆ ಓದಿದರೆ ತಿಳಿಯುವ ಇಂಗ್ಲಿಷು, ಕೇಳಿದರೆ ತಿಳಿಯದು. ಒಂದು ಬೆಳಿಗ್ಗೆ ಮಾವನವರು ರೇಡಿಯೋ ಹಾಕಿ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಏನಂತಾನಮ್ಮ ಅವ್ನು?" ಎಂದರು. ಪಂದ್ಯ ಇನ್ನೂ ಶುರುವಾಗಿರಲಿಲ್ಲ, ಅವನು ಓದುತ್ತಿದ್ದದ್ದು ಯಾವುದೋ ಹಳೆಯ ಆಟದ ನಡೆಗಳನ್ನು; ನಾನು ಹಿಟ್ಟಿನ ಕೈಯಲ್ಲೇ ಬಿಡಿಸಿ ಹೇಳಿದೆ. "ನಿಂಗೆ ಆಟಾನೂ ಬತ್ತದಾ?" ಎಂದರು. ಕಾನ್ವೆಂಟಿನಲ್ಲಿ ಮಳೆ ಬಂದು ಹೊರಗೆ ಆಡಲು ಬಿಡದ ದಿನಗಳಲ್ಲಿ ಒಬ್ಬ ಸಿಸ್ಟರು ನಮಗೆ ಕಲಿಸಿದ್ದರು. "ಸ್ವಲ್ಪ ಬರ್ತದೆ ಮಾವ" ಎಂದೆ. ಮಾರನೇ ದಿನ ಬಡಗಿ ಬಂದ.

ಹಿತ್ತಿಲಲ್ಲಿ ಬಿದ್ದಿದ್ದ ಹಳೆಯ ಬಾಗಿಲೊಂದನ್ನು ತೊಳೆದು, ಅದರ ಮೇಲೆ ಅರವತ್ತನಾಲ್ಕು ಮನೆಗಳ ಗೆರೆ ಎಳೆದು, ಮನೆಗೊಂದು ಮೊಳೆ ಹೊಡೆಸಿದರು. ಕಾಯಿಗಳು ತೆಂಗಿನ ಕರಟದವು. ಕರಟವನ್ನು ಅಂಗೈಯಗಲ ಕತ್ತರಿಸಿ, ತೂತು ಕೊರೆದು, ಒಂದು ಕಡೆಯವಕ್ಕೆ ಸುಣ್ಣ ಬಳಿದು, ಇನ್ನೊಂದು ಕಡೆಯವನ್ನು ಕರಟದ ಬಣ್ಣಕ್ಕೇ ಬಿಟ್ಟರು. ಕುದುರೆ, ಆನೆ, ಒಂಟೆಗಳ ಚಿತ್ರ ಬರೆದವಳು ನಾನು. ನನ್ನ ಒಂಟೆ ಕುರಿಯ ಹಾಗೆ ಕಾಣುತ್ತದೆಂದು ಮೇಷ್ಟ್ರು ಮೊದಲ ದಿನವೇ ಅಂದರಂತೆ. ಬಾಗಿಲನ್ನು ಜಗಲಿಯ ಗೋಡೆಗೆ, ರಸ್ತೆಯವರಿಗೂ ಕಾಣುವ ಹಾಗೆ, ನಿಲ್ಲಿಸಿದರು.

ಅಷ್ಟರಲ್ಲಿ ಆಷಾಢ ಬಂತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಸೊಸೆ ತವರಿಗೆ ಹೋಗಬೇಕು. ಮಾವನವರು ಅತ್ತೆಯ ಮುಂದೆ ಗಂಟಲು ಸರಿಮಾಡಿಕೊಂಡು, "ಈ ಸಲ ಒಂದು ಹದಿನೈದು ದಿನ ತಡವಾಗಿ…" ಎಂದು ಶುರು ಮಾಡಿದರು.

"ನಿಮ್ಮ ಚದುರಂಗಕ್ಕೆ ಅಂತ ಆಷಾಢ ಮುಂದಕ್ಕೆ ಹೋಗ್ತದೇನ್ರಿ?" ಎಂದರು ಅತ್ತೆ. ಮಾತು ಅಲ್ಲಿಗೆ ಮುಗಿಯಿತು.

ಬಸ್ಸಿನ ಉಪಾಯ ಮಾವನವರದೇ. ನಮ್ಮ ತಂದೆಯ ಮನೆಯಲ್ಲೂ ರೇಡಿಯೋ ಇತ್ತು, ಮನೆಯೂ ಬಸ್ಸು ತಿರುಗುವ ರಸ್ತೆಯಲ್ಲೇ ಇತ್ತು. ನಾನು ಹೊರಡುವ ದಿನ ಅವರು ಜಗಲಿಯ ಮೇಲೆ ಕೂತವರಿಗೆ ಕೇಳಿಸುವ ಹಾಗೆ, "ನನ್ನ ಸೊಸೆ ಬರೆದು ಕಳಿಸಿದ್ಲು ಅಂದ್ರೆ ಆಯ್ತು, ಪಕ್ಕದಾಗೆ ಕುಂತು ನೋಡಿದಂಗೆ" ಎಂದರು. ಆ ಮಾತು ನನ್ನ ಜೊತೆ ಚಿತ್ರದುರ್ಗದ ತನಕ ಬಂತು. ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು.

ಬೆಳಿಗ್ಗೆ ಆರೂವರೆಗೆ ರೇಡಿಯೋದ ಮುಂದೆ ಚಾಪೆ ಹಾಕಿಕೊಂಡು ಕೂರುತ್ತಿದ್ದೆ. ಕೊರಕೊರ ಸದ್ದಿನ ನಡುವೆ ಒಂದು ಮೆತ್ತನೆಯ ಗಂಡು ದನಿ, "ಪಾನ್ ಟು ಕ್ವೀನ್ ಫೋರ್" ಎಂದು ಓದುತ್ತಿತ್ತು. ಅದನ್ನು ನಾನು ಕನ್ನಡಕ್ಕೆ ಇಳಿಸುತ್ತಿದ್ದೆ: ಮಂತ್ರಿಯ ಮುಂದಿನ ಪ್ಯಾದೆ, ಮಂತ್ರಿಯ ಸಾಲಿನ ನಾಲ್ಕನೇ ಮನೆಗೆ. ಬಿಳಿಯವರ ನಡೆಯನ್ನು ಬಿಳಿಯವರ ಕಡೆಯಿಂದ, ಕಪ್ಪಿನವರದನ್ನು ಕಪ್ಪಿನವರ ಕಡೆಯಿಂದ ಎಣಿಸಬೇಕು. ಬಿಳಿಗೆ ನೀಲಿ ಶಾಯಿ, ಕಪ್ಪಿಗೆ ಪೆನ್ಸಿಲ್. ಮೊದಲ ಹಾಳೆಯ ತಲೆಯಲ್ಲೇ ನಮ್ಮ ಕಡೆಯ ಆಟಕ್ಕೂ ಇಂಗ್ಲಿಷ್ ಆಟಕ್ಕೂ ಇರುವ ವ್ಯತ್ಯಾಸ ಬರೆದಿದ್ದೆ: ಪ್ಯಾದೆ ಮೊದಲ ಸಲ ಎರಡು ಮನೆ ಹೋಗಬಹುದು, ರಾಜ ಒಂದು ಸಲ ಆನೆಯ ಮಗ್ಗುಲಿಗೆ ಸರಿದು ಅಡಗಬಹುದು. ನನಗೆ ಗೊತ್ತಿದ್ದದ್ದು ಆ ಎರಡೇ.

ಮೊದಲ ಆಟದಲ್ಲಿ ರೇಡಿಯೋದವರು ಎಂಟು ನಡೆ ಮಾತ್ರ ಓದಿ, ಮಿಕ್ಕದ್ದನ್ನು ಸುದ್ದಿಯ ಹಾಗೆ ಹೇಳಿದರು. ಸಂಜೆ ವಾಪಸು ಬಂದ ಕಂಡಕ್ಟರು ನಮ್ಮ ಮನೆಯ ಮುಂದೆ ಹಾರನ್ ಹೊಡೆಸಿ, ಮೆಟ್ಟಿಲ ಮೇಲೇ ನಿಂತು ವರದಿ ಕೊಟ್ಟರು.

"ಅಕ್ಕ, ಜನ ಅಂದ್ರೆ ಜನ. ಬಸ್ ಸ್ಟ್ಯಾಂಡಿಗೆ ಬಂದೋರೆಲ್ಲ ಅಲ್ಲೇ ನಿಂತವ್ರೆ. ಮೂರನೇ ನಡೆನಾಗೆ ಕಪ್ಪಿನೋನು ಒಂದು ಪ್ಯಾದೆನ ಬಿಳಿಯೋನ ಬಾಯಿಗೇ ಇಟ್ಟವ್ನೆ, ಬಿಳಿಯೋನು ತಿಂದೇ ಇಲ್ಲ! ಮೇಷ್ಟ್ರು ಅಂದ್ರು, ಇಂಥ ಆಟ ನಮ್ಮಂಥೋರಿಗೆ ಅರ್ಥ ಆಗಲ್ಲ, ಭಾಳ ಆಳ ಐತೆ ಅಂತ."

ನನಗೆ ಅಂಥ ಪ್ಯಾದೆ ಎಲ್ಲೂ ಕಂಡಿರಲಿಲ್ಲ. ಆದರೆ ಮೇಷ್ಟ್ರಿಗಿಂತ ನನಗೆ ಹೆಚ್ಚು ಗೊತ್ತೇ ಎಂದು ಸುಮ್ಮನಾದೆ. ಆಗಲೇ ಮಣೆ ಹಾಸಿ ನೋಡಬೇಕಿತ್ತು.

ಆಮೇಲೆ ಕಳಿಸಿದ ಆಟ ನಾಲ್ಕನೇ ನಡೆಗೇ ನಿಂತಿತು. ಆ ಸಂಜೆ ಕಂಡಕ್ಟರು ವರದಿ ಕೊಡಲಿಲ್ಲ, ಒಂದು ಚೀಟಿ ಕೊಟ್ಟರು. ಮಾವನವರ ಓರೆ ಅಕ್ಷರ: "ನಾಲ್ಕನೇದರಲ್ಲಿ ಕಪ್ಪು ಪ್ಯಾದೆ ಬಿಳಿ ಪ್ಯಾದೆಯನ್ನು ತಿನ್ನುತ್ತದೆ ಎಂದು ಬರೆದಿದ್ದೀಯ. ತಿನ್ನಲು ಬರುವುದಿಲ್ಲ. ನೋಡಿ ಬರೆ."

ನಾನು ನನ್ನ ಹಳೆಯ ಮಣೆ ಹಾಸಿ ನಡೆಸಿದೆ. ಪ್ಯಾದೆ ಓರೆಯಲ್ಲಿ ಚೆನ್ನಾಗಿಯೇ ತಿನ್ನುತ್ತಿತ್ತು. ಇನ್ನೊಂದು ಸಲ, ಮತ್ತೊಂದು ಸಲ ನಡೆಸಿದೆ. ಮಾರನೇ ಬೆಳಿಗ್ಗೆ, "ಸರಿಯಾಗಿದೆ ಮಾವ, ನಾನು ಆಡಿ ನೋಡಿದ್ದೇನೆ" ಎಂದು ಬರೆದು ಕಳಿಸಿದೆ. ಸಂಜೆ ಚೀಟಿಯೇ ಬರಲಿಲ್ಲ. ಕಂಡಕ್ಟರು ಚೀಲದ ಬಕಲು ಹಾಕುತ್ತಾ ತೆಗೆಯುತ್ತಾ ನಿಂತರು.

"ಏನಂದ್ರು, ಹೇಳಿ" ಎಂದೆ.

"ನಾನಂದಿದ್ದಲ್ಲ ಅಕ್ಕ, ಮೇಷ್ಟ್ರು ಅಂದಿದ್ದು. ಎರಡು ಪ್ಯಾದೆ ಮೂಗಿಗೆ ಮೂಗು ಕೊಟ್ಟು ನಿಂತವೆ, ಎದ್ರಿಗಿರೋದನ್ನ ಪ್ಯಾದೆ ಹೆಂಗೆ ತಿಂತದೆ ಅಂತ. ಕಾನ್ವೆಂಟಿನಾಗೆ ಪ್ರಾರ್ಥನೆ ಕಲಿಸ್ತಾರೆ, ಪ್ಯಾದೆ ನಡೆಸೋದು ಕಲಿಸ್ತಾರಾ ಅಂದ್ರು. ಆ ಹುಡುಗಿ ಅರ್ಧ ಕೇಳಿ ಅರ್ಧ ತಾನೇ ಬರೀತಾಳೆ ಅಂತ…"

"ಮಾವ ಏನಂದ್ರು?"

"ನಾಳೆ ಸಂಜೆಯೊಳಗೆ ಆಟ ಕೂಡದಿದ್ರೆ ಬಾಗ್ಲು ಇಳಿಸಿಬಿಡ್ರಿ, ಊರೋರ ಮುಂದೆ ಯಾಕೆ ನಗೆಪಾಟಲು ಅಂತ ಮೇಷ್ಟ್ರು ಅಂದ್ರು. ಮಾವನೋರು ಆಗ್ಲಿ ಅಂದ್ರು."

ಬಾಗಿಲು ಇಳಿದರೆ ಅದರ ಜೊತೆ ಏನೇನು ಇಳಿಯುತ್ತದೆಂದು ನನಗೆ ಗೊತ್ತಿತ್ತು. ಎರಡು ತಿಂಗಳ ಸೊಸೆ ಊರ ಮುಂದೆ ಸುಳ್ಳು ಬರೆದವಳಾಗುತ್ತಾಳೆ, ಅವಳ ಮೇಲೆ ಮಾತು ಕೊಟ್ಟ ಮಾವ ಪೆದ್ದರಾಗುತ್ತಾರೆ. ಅವ್ವ ಅನ್ನ ಬಡಿಸಿದರು. ನಾನು ತಟ್ಟೆಯಲ್ಲಿ ಅನ್ನದ ಕಾಳುಗಳನ್ನು ಮನೆಮನೆಯಾಗಿ ಸರಿಸುತ್ತಾ ಕೂತಿದ್ದೆ.

ಮಾರನೇ ದಿನ ಹತ್ತೂವರೆಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಮಾವನವರು. ಬಗಲಲ್ಲಿ ಟವೆಲ್ಲು ಸುತ್ತಿದ ಹಲಗೆ, ಕೈಯಲ್ಲಿ ಕಾಯಿಗಳ ಚೀಲ. ಆಷಾಢದಲ್ಲಿ ಬೀಗರು ಹೇಳದೆ ಕೇಳದೆ ಬಂದದ್ದಕ್ಕೆ ಅವ್ವ ಗಾಬರಿಯಾಗಿ, "ಬರ್ರಿ, ಕುಂತ್ಕಳ್ರಿ, ಮನೇಲಿ ಎಲ್ಲಾ ಆರಾಮ ತಾನೆ?" ಎಂದು ಒಂದೇ ಉಸಿರಿಗೆ ಕೇಳಿದರು. "ಎಲ್ಲಾ ಆರಾಮಾಗವ್ರೆ, ಒಂದು ಪ್ಯಾದೆ ಮಾತ್ರ ಆರಾಮಿಲ್ಲ" ಎಂದರು ಮಾವ. ಅವ್ವನಿಗೆ ಏನೂ ತಿಳಿಯಲಿಲ್ಲ. ಉಪ್ಪಿಟ್ಟಿಗೆ ಒಳಗೆ ಹೋದರು.

ಮಾವನವರು ಚಾಪೆಯ ಮೇಲೆ ಹಲಗೆ ಹಾಸಿದರು. "ಕುಂತ್ಕ ಬಾರಮ್ಮ."

ನಾನು ಅವರ ಮುಂದೆ ಯಾವತ್ತೂ ಕೂತವಳಲ್ಲ. ಕಂಬ ಹಿಡಿದು ನಿಂತೇ ಇದ್ದೆ. "ನೀನು ನಿಂತ್ಕಂಡು ಆಡಿದ್ರೆ ನಾನೂ ನಿಂತ್ಕಬೇಕಾಗ್ತದೆ. ನಂಗೆ ಮಂಡಿನೋವು ಐತೆ" ಎಂದರು. ಚಾಪೆಯ ತುದಿಯಲ್ಲಿ, ಸೆರಗು ಹೊದ್ದು, ಅರ್ಧ ಕೂತೆ. ಬಿಳಿ ಅವರಿಗೆ, ಕಪ್ಪು ನನಗೆ. ಇಬ್ಬರೂ ಕಾಯಿ ಜೋಡಿಸಿದೆವು. ಅವರು ಜೋಡಿಸಿ ಮುಗಿಸಿ, ನನ್ನ ಕಡೆ ನೋಡಿ, ಮಕ್ಕಳ ಎಲೆಯಲ್ಲಿ ಪಲ್ಯ ಸರಿಸಿ ಕೊಡುವಷ್ಟೇ ಮೆಲ್ಲಗೆ ಕೈ ಚಾಚಿ, ನನ್ನ ರಾಜನನ್ನೂ ಮಂತ್ರಿಯನ್ನೂ ಅದಲು ಬದಲು ಮಾಡಿ ಇಟ್ಟರು.

"ತಪ್ಪಿಟ್ಟೀಯ."

"ಇಲ್ಲ ಮಾವ. ಅದು ಹಂಗೇ ಇಡೋದು."

ಅವರ ಮಾತಿಗೆ ನಾನು ಇಲ್ಲವೆಂದದ್ದು ಅದೇ ಮೊದಲು. ಒಳಗೆ ಸೌಟಿನ ಸದ್ದು ನಿಂತಿತು. ಅವ್ವನೂ ಕೇಳಿಸಿಕೊಂಡಿದ್ದರು.

ಮಾವನವರು ಕೋಪ ಮಾಡಿಕೊಳ್ಳಲಿಲ್ಲ. ಹಲಗೆ ನೋಡಿದರು, ನನ್ನನ್ನು ನೋಡಿದರು. "ರಾಜ ಯಾವಾಗ್ಲೂ ಮಂತ್ರಿಯ ಬಲಕ್ಕಲ್ವೇನಮ್ಮ? ನನ್ನ ಬಲ ಈ ಕಡೆ, ನಿನ್ನ ಬಲ ಆ ಕಡೆ. ಒಬ್ಬ ರಾಜ ಇನ್ನೊಬ್ಬ ರಾಜನ ಮುಖಕ್ಕೆ ಮುಖ ಕೊಡಂಗಿಲ್ಲ. ನಮ್ಮಪ್ಪ ನಂಗೆ ಹಂಗೇ ಕಲಿಸಿದ್ದು."

ನಮ್ಮ ಸಿಸ್ಟರು ಕಲಿಸಿದ್ದರಲ್ಲಿ ರಾಜನ ಎದುರಿಗೆ ರಾಜ, ಮಂತ್ರಿಯ ಎದುರಿಗೆ ಮಂತ್ರಿ. ಬಿಳಿ ಮಂತ್ರಿ ಬಿಳಿ ಮನೆಯಲ್ಲಿ, ಕಪ್ಪು ಮಂತ್ರಿ ಕಪ್ಪು ಮನೆಯಲ್ಲಿ ನಿಲ್ಲಬೇಕು ಎಂದು ಅವರು ಹೇಳಿಕೊಟ್ಟಿದ್ದರು. ಮಾವನವರ ಹಲಗೆಯಲ್ಲಿ ಬಿಳಿ ಮನೆ ಕಪ್ಪು ಮನೆ ಎಂಬುದೇ ಇರಲಿಲ್ಲ, ಬರೀ ಗೆರೆಗಳು. ಬಾಗಿಲ ಮೇಲೂ ಅಷ್ಟೇ. ನನ್ನ ಹಾಳೆಯಲ್ಲಿ ಕಪ್ಪಿನವರ ಪ್ರತಿ ನಡೆಯೂ ಅವರ ರಾಜ ಮಂತ್ರಿಯರ ಸಾಲಿನಿಂದ ಎಣಿಸಿ ಬರೆದದ್ದು. ರಾಜ ಒಂದು ಸಾಲು ಆಚೆ ನಿಂತರೆ ಕಪ್ಪಿನ ಪಡೆಯೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ನಡೆಯುತ್ತದೆ.

ನಾನು ನನ್ನ ರಾಜನನ್ನು ಮತ್ತೆ ಈಚೆಗೆ ಇಟ್ಟೆ. ಹಾಳೆ ನೋಡಿ ಒಂದೊಂದೇ ನಡೆದೆವು. ನಾಲ್ಕನೇದಕ್ಕೆ ಅವರ ಪ್ಯಾದೆ ಒಂದು ಮನೆ ಮುಂದೆ ಬಂತು. ನನ್ನದು ಓರೆಯಲ್ಲೇ ಇತ್ತು. ತೆಗೆದು ಇಟ್ಟೆ.

"ತಿಂತು!" ಎಂದರು ಮಾವ.

ಆಮೇಲೆ ಮೊದಲ ಆಟದ ಎಂಟು ನಡೆಯನ್ನೂ ನಡೆಸಿದರು. ಬಿಳಿಯವನ ಬಾಯಿಗಿಟ್ಟ ಪ್ಯಾದೆ ಎಲ್ಲೂ ಇರಲಿಲ್ಲ. ಮಾವ ಹಲಗೆಯನ್ನೇ ನೋಡುತ್ತಾ, "ಹಂಗಾದ್ರೆ ಇಷ್ಟು ದಿವಸ ಊರೆಲ್ಲ ನಿಂತು ಯಾವ ಆಟ ನೋಡಿದ್ವಮ್ಮ ನಾವು?" ಎಂದು ನಗಲು ಶುರು ಮಾಡಿದರು. ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡರು. "ಭಾಳ ಆಳ ಐತೆ ಅಂದ್ರಲ್ಲಪ್ಪ ಮೇಷ್ಟ್ರು!" ಎಂದು ಮತ್ತೆ ನಕ್ಕರು.

ನಗು ನಿಂತ ಮೇಲೆ ಅವರ ಬೆರಳು ಕಪ್ಪು ರಾಜನ ತಲೆಯ ಮೇಲೇ ಇತ್ತು. ಸಂಜೆ ಜಗಲಿಗೆ ಹೋಗಿ ಏನು ಹೇಳಬೇಕೆಂದು ಯೋಚಿಸುತ್ತಿದ್ದಾರೆಂದು ನನಗೆ ತಿಳಿಯಿತು. ಊರಿನಲ್ಲಿ ಚದುರಂಗ ಎಂದರೆ ಅವರ ಹೆಸರು. ನಾನು ಧೈರ್ಯ ಮಾಡಿ, "ಸೊಸೆ ಬರೆಯೋವಾಗ ತಪ್ಪಿದ್ಲು, ಈಗ ತಿದ್ದಿದ್ಲು ಅಂತ ಹೇಳಿಬಿಡಿ ಮಾವ. ನಂಗೇನೂ ಬೇಜಾರಿಲ್ಲ" ಎಂದೆ. ಬೇಜಾರಿಲ್ಲ ಎಂದದ್ದು ನಿಜವಾಗಿರಲಿಲ್ಲ.

ಅವರು ಉಪ್ಪಿಟ್ಟು ತಿಂದು, ಹಲಗೆ ಸುತ್ತಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ಆ ಮಧ್ಯಾಹ್ನ ಅವ್ವ ಹಪ್ಪಳದ ಹಿಟ್ಟು ಕೊಟ್ಟರು. ನಾನು ಲಟ್ಟಿಸಿದ ಹಪ್ಪಳ ಒಂದೂ ದುಂಡಗೆ ಬರಲಿಲ್ಲ. ನಾನೇ ಹೇಳಿಕೊಟ್ಟ ಮಾತು, ಅವರು ಹಾಗೇ ಹೇಳಿದರೆ ದೂರುವುದಕ್ಕೆ ನನಗೆ ಬಾಯಿಲ್ಲ. ಆದರೂ ಅವರು ಹಾಗೆ ಹೇಳಬಾರದು ಎಂದು ಮನಸ್ಸು ಹಟ ಹಿಡಿದು ಕೂತಿತ್ತು.

ಸಂಜೆ ಬಸ್ಸಿನ ಹಾರನ್ ರಸ್ತೆಯ ತಿರುವಿನಿಂದಲೇ ಶುರುವಾಯಿತು. ಕಂಡಕ್ಟರು ಬಸ್ಸು ನಿಲ್ಲುವ ಮೊದಲೇ ಇಳಿದರು.

"ಅಕ್ಕ, ಐದು ನಿಮಿಷ ಬಸ್ಸು ತಡ ಮಾಡಿ ನೋಡ್ಕಂಡು ಬಂದೆ. ನಿಮ್ಮ ಮಾವನೋರು ಬಸ್ಸಿಳಿದೋರು ಮನೆಯೊಳಕ್ಕೂ ಹೋಗ್ಲಿಲ್ಲ. ಸೀದಾ ಬಾಗ್ಲತ್ರ ಹೋಗಿ ಕಪ್ಪು ರಾಜನ್ನೂ ಮಂತ್ರಿನೂ ಮೊಳೆಯಿಂದ ತೆಗೆದು ಅದಲು ಬದಲು ಹಾಕಿದ್ರು. ಹಾಕಿ, ಎಲ್ಲಾರ ಕಡೆ ತಿರುಗಿ, ಸೊಸೆ ಬರೆದಿದ್ರಾಗೆ ಒಂದಕ್ಷರ ತಪ್ಪಿಲ್ಲ, ರಾಜನ್ನ ನಿಲ್ಲಿಸಿದ್ದು ನಾನು, ತಪ್ಪು ನಂದು ಅಂದ್ರು."

"ಎಲ್ಲರ ಮುಂದೆ?"

"ಎಲ್ಲಾರ ಮುಂದೇನೆ. ಮೇಷ್ಟ್ರು ಬಿಡ್ತಾರಾ? ಏನ್ರಿ, ಹಂಗಾದ್ರೆ ನಲವತ್ತು ವರ್ಷದಿಂದ ನಾವು ತಪ್ಪು ಆಡಿದ್ವಾ ಅಂದ್ರು. ನಮ್ಮಾಟ ನಮಗೆ ಸರಿ ಐತೆ ಮೇಷ್ಟ್ರೇ, ಅವರ ಮನೆಯಾಗೆ ನಮ್ಮ ರಾಜನ್ನ ಕೂರಿಸಿದ್ದು ತಪ್ಪು, ಕೇಳಿದ್ರೆ ನಮ್ಮ ಹುಡುಗಿ ಹೇಳೋಳು, ಕೇಳ್ಲಿಲ್ಲ ಅಂದ್ರು. ಆಮೇಲೆ ಮೊದಲಿಂದ ಓದಿದ್ರು ಅಕ್ಕ. ನಾಲ್ಕನೇದಕ್ಕೆ ಪ್ಯಾದೆ ಪ್ಯಾದೆನ ತಿಂದಾಗ ಜಗಲಿ ಮ್ಯಾಲೆ ಚಪ್ಪಾಳೆ!"

ಬಸ್ಸಿನೊಳಗಿನಿಂದ ಯಾರೋ, "ಲೇ, ಚದುರಂಗ ಮುಗೀತಾ? ಮನೆಗೆ ಹೋಗಾಣ" ಎಂದು ಕೂಗಿದರು. ಕಂಡಕ್ಟರು ಮೆಟ್ಟಿಲು ಹತ್ತಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಯಾರನ್ನಾದರೂ ಕರೆದು ಹೇಳಬೇಕೆನಿಸಿತು, ನಮ್ಮ ಮಾವ ಎಂಥವರು ಎಂದು. ಅವ್ವನ ಹತ್ತಿರ ಹೋಗಿ ಹೇಳಿದೆ. ಅವ್ವ, "ಒಳ್ಳೇ ಮನೆ ಸೇರಿದೆ" ಎಂದರು.

ಶ್ರಾವಣದಲ್ಲಿ ನಾನು ಹೊಸದುರ್ಗಕ್ಕೆ ವಾಪಸಾದೆ. ಆಟಗಳು ಇನ್ನೂ ನಡೆಯುತ್ತಿದ್ದವು. ಈಗ ಹಾಳೆಗೆ ಬಸ್ಸು ಬೇಕಿರಲಿಲ್ಲ. ಅಡುಗೆಮನೆಯಿಂದ ಜಗಲಿಗೆ ಅತ್ತೆಯೇ ಒಯ್ದು ಕೊಡುತ್ತಿದ್ದರು. ಕೊಟ್ಟವರು ಬಾಗಿಲ ಮರೆಯಲ್ಲಿ ಎರಡು ನಡೆ ನೋಡಿಯೇ ಒಳಗೆ ಬರುತ್ತಿದ್ದರು, ಬಂದು ನನ್ನನ್ನು, "ಕುದುರೆ ಯಾಕೆ ಹಿಂದಕ್ಕೆ ಹೋಯ್ತು?" ಎಂದು ಕೇಳುತ್ತಿದ್ದರು.

ಕೊನೆಯ ಆಟ ಒಂದು ದಿನಕ್ಕೆ ಮುಗಿಯಲಿಲ್ಲ. ಹಾಗೆ ನಿಂತರೆ ಮುಂದಿನ ನಡೆಯನ್ನು ಬರೆದು ಲಕೋಟೆಯಲ್ಲಿ ಅಂಟಿಸಿ ಇಡುತ್ತಾರೆ, ಮಾರನೇ ದಿನ ಬಿಚ್ಚಿ ಮುಂದುವರಿಸುತ್ತಾರೆ. ಆ ಲಕೋಟೆಯೊಳಗೆ ಏನಿದೆ ಎಂಬುದರ ಮೇಲೆ ಜಗಲಿಯಲ್ಲಿ ದಿನವಿಡೀ ಜಗಳ. ಬಿಳಿಯವನು ಇನ್ನೂ ತಡೆಯುತ್ತಾನೆ ಎಂದು ಮೇಷ್ಟ್ರು. ಇಲ್ಲ ಎಂದು ಮಾವ. ಮತ್ತೋಡಿನಿಂದ ಸಂತೆಗೆ ಬಂದ ಕುರಿಗಾರರೊಬ್ಬರು ಹೆಗಲ ಕಂಬಳಿ ಇಳಿಸದೆ ಒಂದು ಗಂಟೆ ನಿಂತು ನೋಡಿ, "ಬಿಳಿ ಹಿಂಡಿಗೆ ಕಾಯೋರಿಲ್ಲ" ಎಂದು ಹೇಳಿ ಹೋದರಂತೆ.

ಮಾರನೇ ಬೆಳಿಗ್ಗೆ ರೇಡಿಯೋ ಕೇಳಿದೆ. ಬರೆಯಲು ಒಂದು ನಡೆಯೂ ಇರಲಿಲ್ಲ. ಖಾಲಿ ಹಾಳೆಯನ್ನು ಅತ್ತೆಯ ಕೈಯಲ್ಲಿ ಹೇಗೆ ಕಳಿಸಲಿ? "ನೀನೇ ಹೋಗಿ ಹೇಳು" ಎಂದರು ಅತ್ತೆ. ಸೆರಗು ಸರಿಮಾಡಿಕೊಂಡು ಜಗಲಿಯ ಬಾಗಿಲಿಗೆ ಬಂದು ನಿಂತೆ. ಇಪ್ಪತ್ತು ಮೂವತ್ತು ಜನ ತಿರುಗಿ ನೋಡಿದರು.

"ಇವತ್ತು ನಡೆ ಇಲ್ಲ" ಎಂದೆ. "ಬಿಳಿಯವರು ಆಟಕ್ಕೆ ಬರಲೇ ಇಲ್ಲವಂತೆ. ಫೋನಿನಲ್ಲೇ ಸೋತೆ ಅಂತ ಹೇಳಿದರಂತೆ. ಮುಗಿಯಿತು."

ಯಾರೋ ಹಿಂದಿನಿಂದ, "ಫೋನಿನಾಗೆ ಸೋಲಾಕೆ ಬತ್ತದೇನಪ್ಪ?" ಎಂದರು. ಎರಡು ತಿಂಗಳು ಕಾದು ನೋಡಿದ ಆಟ ಒಂದು ಕಾಯಿಯೂ ಅಲುಗಾಡದೆ ಮುಗಿಯಿತೆಂದರೆ ಯಾರು ನಂಬುತ್ತಾರೆ? ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಮೇಷ್ಟ್ರು ಎದ್ದು ನಿಂತರು. "ಆಯಮ್ಮ ಹೇಳ್ಯಾಳೆ ಅಂದ್ರೆ ಸೋತಂಗೆ ಕಣಯ್ಯ" ಎಂದು, ಚದುರಂಗದ ಬಾಗಿಲ ಬಳಿ ಹೋಗಿ, ಬಿಳಿ ರಾಜನನ್ನು ತಾವೇ ಮೊಳೆಯಿಂದ ಬಿಡಿಸಿ ಇಳಿಸಿದರು.

ಮಾವನವರು ಎದ್ದು ಮಂಡಿಯೊಳಗೆ ಹೋದರು. ಕೊಬ್ಬರಿ ಆರಿಸುತ್ತಾ ಕೂತಿದ್ದ ಹೆಂಗಸರಿಗೆ, ಅವರು ಕೇಳದಿದ್ದರೂ, ಹೊರಗಿನವರೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಆಟ ಮುಗೀತು ಕಣ್ರವ್ವ. ನಮ್ಮ ಸೊಸೆ ಹೇಳಿದ್ಲು."